ಎರಡನೆಯ ಗೆಲವು

ಕನ್ನಡದಲ್ಲಿ ‘ಆಡು’ ಎಂಬ ಧಾತುವಿನ ವ್ಯಾಪ್ತಿ ಬಹು ದೊಡ್ಡದು. ಮಕ್ಕಳು ಅಂಗಳದಲ್ಲಿ ಆಡುವುದೂ ಆಟ, ದೊಡ್ಡವರು ಬಣ್ಣ ಬಳಿದುಕೊಂಡು ರಂಗದ ಮೇಲೆ ಕುಣಿಯುವುದೂ ಆಟ. ಬೈಲಹೊಂಗಲದ ನೆಲದ ಕಥೆ ‘ಸಂಗ್ಯಾ ಬಾಳ್ಯಾ’ ಸಣ್ಣಾಟವಾಗಿ ಇಡೀ ಬೆಳಗಾವಿ ಸೀಮೆಯನ್ನು ಅಳಿಸಿದ್ದುಂಟು. ಮಾತನ್ನೂ ಆಡುತ್ತೇವೆ, ಉಸಿರನ್ನೂ ಆಡುತ್ತೇವೆ, ಹಿರಿಯರನ್ನು ಕೊಂಡಾಡುತ್ತೇವೆ. ಚಾಮರಸನು ಅಲ್ಲಮಪ್ರಭುವಿನ ಚರಿತ್ರೆಯನ್ನು ಬರೆದು ಅದಕ್ಕೆ ‘ಪ್ರಭುಲಿಂಗಲೀಲೆ’ ಎಂದೇ ಹೆಸರಿಟ್ಟನು, ಲೀಲೆಯೆಂದರೂ ಆಟವೇ. ಆದುದರಿಂದ ಆಟವೆಂದೊಡನೆ ಹಗುರಾದುದು, ಕೆಲಸವಿಲ್ಲದವರ ಕೆಲಸ ಎಂದು ಭಾವಿಸುವ ವಾಡಿಕೆಗೆ ಈ ಭಾಷೆಯಲ್ಲಿ ಹೆಚ್ಚಿನ ಆಧಾರವಿಲ್ಲ.

ಕಠಿಣವಾದ ಆಟಗಳಿಗೆ ಈ ನಾಡಿನಲ್ಲಿ ಶಾಸ್ತ್ರವೇ ಇತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ಅರಸನಿಗೆ ಉಚಿತವಾದ ವಿನೋದಗಳನ್ನು ವರ್ಣಿಸುವಾಗ ಮಲ್ಲವಿನೋದಕ್ಕೆ ಪ್ರತ್ಯೇಕ ಸ್ಥಾನ ಕೊಟ್ಟಿದೆ. ಮಲ್ಲರ ಆಹಾರವೇನು, ವ್ಯಾಯಾಮವೇನು, ಯಾವ ಮಲ್ಲನನ್ನು ಯಾವ ವರ್ಗದಲ್ಲಿ ಎಣಿಸಬೇಕು ಎಂಬುದನ್ನೆಲ್ಲ ಅದು ಹೇಳುತ್ತದೆ. ಕಂಬವನ್ನು ಆಶ್ರಯಿಸಿದ ಶ್ರಮವನ್ನೂ ಹೆಸರಿಸುತ್ತದೆ. ಇಂದು ಮಲ್ಲಕಂಬವೆಂದು ಕರೆಯುವ ಸಾಧನೆಯ ಬೇರನ್ನು ಪಂಡಿತರು ಅಲ್ಲಿ ಕಾಣುತ್ತಾರೆ. ಅದೇ ಕಲ್ಯಾಣದಲ್ಲಿ ಒಂದು ತಲೆಮಾರಿನ ತರುವಾಯ ಶರಣರ ಅನುಭವ ಗೋಷ್ಠಿ ನಡೆಯಿತು.

ಆ ವಿದ್ಯೆಯ ಪುನರುಜ್ಜೀವನದ ಕಥೆ ಮರಾಠಿ ಸೀಮೆಯದು. ಎರಡನೆಯ ಬಾಜೀರಾಯನ ಆಶ್ರಯದಲ್ಲಿದ್ದ ಬಾಳಂಭಟ್ಟ ದಾದಾ ದೇವಧರರು 19ನೆಯ ಶತಮಾನದ ಆದಿಯಲ್ಲಿ ಅದನ್ನು ಮತ್ತೆ ಕಟ್ಟಿ ನಿಲ್ಲಿಸಿದರು. ಕಾಡಿನ ಮಂಗಗಳು ಮರ ಏರಿ ಇಳಿಯುವುದನ್ನು ನೋಡಿ ಅವರು ಹಿಡಿತಗಳನ್ನು ಕಲಿತರೆಂಬ ಐತಿಹ್ಯವಿದೆ. ಸಾಗವಾನಿ ಅಥವಾ ಶೀಸಂ ಮರದ ಆಳೆತ್ತರ ಮೀರಿದ ಕಂಬ. ಬುಡದಲ್ಲಿ ದಪ್ಪ, ತುದಿಗೆ ಹೋಗುತ್ತ ಸಣ್ಣ. ಮೈಗೆ ಔಡಲೆಣ್ಣೆಯ ಲೇಪ. ಕನ್ನಡ ನಾಡಿನಲ್ಲಿ ಬಾಗಲಕೋಟೆ ಜಿಲ್ಲೆಯ ತುಳಸಿಗೇರಿ, ಗದಗ ಜಿಲ್ಲೆಯ ಲಕ್ಷ್ಮೇಶ್ವರಗಳು ಈ ವಿದ್ಯೆಗೆ ಹೆಸರಾಗಿವೆ. 2019ರ ಫೆಬ್ರುವರಿಯಲ್ಲಿ ಮುಂಬಯಿಯ ಶಿವಾಜಿ ಪಾರ್ಕಿನಲ್ಲಿ ಇದರ ಮೊದಲ ವಿಶ್ವ ಸ್ಪರ್ಧೆ ನಡೆದಾಗ ಪರದೇಶದ ತರುಣರೂ ಎಣ್ಣೆ ಸವರಿದ ಕಂಬದ ಮುಂದೆ ಕೈಮುಗಿದು ನಿಂತರು.

ಆದರೆ ಈ ಪ್ರಬಂಧದ ವಿಷಯ ಮಲ್ಲಕಂಬವಲ್ಲ. ಬೀಡಿಯ ಒಂದು ಮನೆಯಲ್ಲಿ ಆ ಕಂಬದ ವಿದ್ಯೆ ಬಲ್ಲ ಅಜ್ಜನೊಬ್ಬನು ತನ್ನ ಮೊಮ್ಮಗನ ವಿಡಿಯೋ ಗೇಮನ್ನು ಅರ್ಥಮಾಡಿಕೊಂಡ ಬಗೆ.

ಬೀಡಿ ಖಾನಾಪುರ ತಾಲೂಕಿನ ಊರು. ಮಲೆನಾಡು ಮುಗಿದು ಬಯಲು ತೊಡಗುವ ಸೆರಗಿನಲ್ಲಿದೆ. 1830ರಲ್ಲಿ ಸಂಗೊಳ್ಳಿ ರಾಯಣ್ಣನ ಪಡೆ ಇಲ್ಲಿಯ ಸರಕಾರಿ ಕಚೇರಿಗೆ ಬೆಂಕಿ ಇಟ್ಟಿತು. ಮರುವರ್ಷ ಜನವರಿ 26ರಂದು ಸಮೀಪದ ನಂದಗಡದಲ್ಲಿ ಅವನಿಗೆ ಗಲ್ಲಾಯಿತು. ನೆರೆಯ ಕಕ್ಕೇರಿಯಲ್ಲಿ, ಉಳವಿಯತ್ತ ನಡೆದ ಶರಣರನ್ನು ಕಾಯುತ್ತ ದೇಹವಿಟ್ಟನೆಂದು ನಂಬಲಾದ ಡೋಹರ ಕಕ್ಕಯ್ಯನ ಸಮಾಧಿಯಿದೆ. ಇಂಥ ನೆಲದಲ್ಲಿ ಗರಡಿಯ ಹುಚ್ಚು ಇರುವುದು ಸಹಜ. ಕನ್ನಡಿಗರು ಗರಡಿಮನೆ ಎಂದರೆ ಮರಾಠಿಗರು ತಾಲೀಮು ಎನ್ನುತ್ತಾರೆ. ಗುರುವನ್ನು ಮಾತ್ರ ಇಬ್ಬರೂ ವಸ್ತಾದ ಎಂದೇ ಕರೆಯುತ್ತಾರೆ.

ಆ ಅಜ್ಜನಿಗೆ ಎಂಬತ್ತರ ಸಮೀಪದ ವಯಸ್ಸು. ಯೌವನದಲ್ಲಿ ಬೆಳಗಾವಿಯ ಒಂದು ತಾಲೀಮಿನಲ್ಲಿ ಕುಸ್ತಿಯನ್ನೂ ಕಂಬವನ್ನೂ ಕಲಿತು ಊರಿಗೆ ಬಂದವರು. ಹಿತ್ತಲಿನಲ್ಲಿ ತಾವೇ ನೆಟ್ಟ ಸಾಗವಾನಿ ಕಂಬ ಈಗಲೂ ಇದೆ. ಅದಕ್ಕೆ ದನ ಕಟ್ಟಕೂಡದೆಂಬುದು ಮನೆಯ ಕಟ್ಟಳೆ. ಮೊಮ್ಮಗ ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದುವ ಹುಡುಗ. ಮಳೆಗಾಲದ ರಜೆಗೆ ಬರುವಾಗ ಬಟ್ಟೆಗಿಂತ ಜತನವಾಗಿ ಲ್ಯಾಪ್‌ಟಾಪನ್ನೂ, ಎರಡು ಕೈಗಳಲ್ಲಿ ಹಿಡಿದು ಬೆರಳುಗಳಿಂದ ಒತ್ತುವ ಕಂಟ್ರೋಲರ್ ಎಂಬ ಸಾಧನವನ್ನೂ ತಂದಿದ್ದನು. ಆ ವರ್ಷ ಗಣಿತದ ಒಂದು ಪತ್ರಿಕೆಯಲ್ಲಿ ಅವನು ಎರಡನೆಯ ಸಲ ಅನುತ್ತೀರ್ಣನಾಗಿದ್ದನು. ಯಾರೊಡನೆಯೂ ಹೆಚ್ಚು ಮಾತಿಲ್ಲ. ಹಗಲು ಗದ್ದೆಗೆ ಹೋಗಿ ಬಂದು ಸಂಜೆಯಾದೊಡನೆ ಕೋಣೆಯ ಮೂಲೆಯಲ್ಲಿ ಕುಳಿತುಬಿಡುವನು.

“ಪರೀಕ್ಷಾದಾಗ ಗಣಿತ ಉಳದೈತಿ, ಇಲ್ಲಿ ಕತ್ತಿವರಸಿ ನಡದೈತಿ” ಎಂದು ತಾಯಿ ನಿತ್ಯವೂ ಗೊಣಗುವಳು. ಅವಳ ಸಂಕಟ ನ್ಯಾಯವಾದದ್ದೇ. ವಿಡಿಯೋ ಗೇಮಿನ ಚಟವನ್ನು ವಿಶ್ವ ಆರೋಗ್ಯ ಸಂಸ್ಥೆಯೇ ರೋಗಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಸೇರಿಸಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಇಂಥ ಚಟಗಳ ಉಪಚಾರಕ್ಕೆಂದು 2014ರಲ್ಲಿಯೇ ಪ್ರತ್ಯೇಕ ಚಿಕಿತ್ಸಾಲಯ ತೆರೆಯಿತು. ಹಣ ಪಣವಿಡುವ ಆನ್‌ಲೈನ್ ಆಟಗಳ ಕೈಗೆ ಸಿಕ್ಕು ಮನೆಗಳು ಮುಳುಗಿದ್ದರಿಂದ ಅವನ್ನು ನಿಷೇಧಿಸುವ ಕಾಯಿದೆ 2025ರ ಆಗಸ್ಟಿನಲ್ಲಿ ಸಂಸತ್ತಿನಲ್ಲಿ ಅಂಗೀಕೃತವಾಯಿತು. ಆದರೆ ದ್ಯೂತ ಬೇರೆ, ಮಲ್ಲಯುದ್ಧ ಬೇರೆ. ಧರ್ಮರಾಯನು ಕೆಟ್ಟದ್ದು ಮೊದಲನೆಯದರಿಂದ. ಎರಡನೆಯದು ಭೀಮನ ಕಸುಬು. ದಾಳ ಉರುಳುವಲ್ಲಿ ಆಡುವವನ ಗುಣಕ್ಕೆ ಕೆಲಸವಿಲ್ಲ. ಹುಡುಗನ ತೆರೆಯ ಮೇಲಿದ್ದದ್ದು ಭೀಮನ ಜಾತಿಯ ಆಟ.

ಅದರ ಹೆಸರು ಸೆಕಿರೊ. ಜಪಾನಿನ ಫ್ರಮ್‌ಸಾಫ್ಟ್‌ವೇರ್ ಎಂಬ ಸಂಸ್ಥೆ ಹಿದೆತಾಕ ಮಿಯಾಜಾಕಿಯವರ ನಿರ್ದೇಶನದಲ್ಲಿ ತಯಾರಿಸಿ 2019ರ ಮಾರ್ಚಿಯಲ್ಲಿ ಹೊರತಂದದ್ದು. ಪಾಳೆಯಗಾರರು ಪರಸ್ಪರ ಕಾದಾಡುತ್ತಿದ್ದ ಹಳೆಯ ಜಪಾನಿನ ಕಾಲ; ಅಶಿನಾ ಎಂಬ ಕಲ್ಪಿತ ನಾಡು. ನಾಯಕನು ಒಬ್ಬ ಗೂಢಯೋಧ. ಆರಂಭದಲ್ಲಿಯೇ ಗೆನಿಚಿರೊ ಎಂಬ ಸರದಾರನು ಅವನ ಎಡತೋಳನ್ನು ಕಡಿದು, ಅವನು ಕಾಯಬೇಕಾಗಿದ್ದ ಬಾಲಕನನ್ನು ಒಯ್ಯುತ್ತಾನೆ. ಬಹುಕಾಲದ ಮೇಲೆ, ಕೋಟೆಯ ತುತ್ತತುದಿಯಲ್ಲಿ, ಅದೇ ಗೆನಿಚಿರೊ ಮತ್ತೆ ಎದುರಾಗುತ್ತಾನೆ. ಹುಡುಗನು ಸಿಕ್ಕಿಬಿದ್ದದ್ದು ಅಲ್ಲಿ.

ಈ ಆಟದ ವೈಶಿಷ್ಟ್ಯವನ್ನು ಸ್ವಲ್ಪ ವಿವರಿಸಬೇಕು. ಅನೇಕ ಆಟಗಳಲ್ಲಿ ‘ಸುಲಭ’, ‘ಮಧ್ಯಮ’, ‘ಕಠಿಣ’ ಎಂದು ಮೂರು ಮೆಟ್ಟಿಲುಗಳಿರುತ್ತವೆ. ಕಷ್ಟವಾದವನು ಒಂದು ಮೆಟ್ಟಿಲು ಇಳಿಯಬಹುದು. ಇಲ್ಲಿ ಆ ಅನುಕೂಲವಿಲ್ಲ. ಬೇರೆ ಆಟಗಳಲ್ಲಿ ಸಣ್ಣಪುಟ್ಟ ವೈರಿಗಳನ್ನು ನೂರಾರು ಸಲ ಕೊಂದು ನಾಯಕನ ಬಲವನ್ನು ಬೇಕಾದಷ್ಟು ಏರಿಸಿಕೊಂಡು ದೊಡ್ಡ ವೈರಿಯ ಮೇಲೆ ಬೀಳಬಹುದು. ಇಲ್ಲಿ ಅದೂ ಬಹುಮಟ್ಟಿಗೆ ಸಾಗದು; ಕತ್ತಿಯ ಬಲ ಏರಬೇಕಾದರೆ ದೊಡ್ಡ ವೈರಿಗಳನ್ನೇ ಗೆಲ್ಲಬೇಕು. ಅಂದರೆ ಬೆಳೆಯಬೇಕಾದವನು ತೆರೆಯೊಳಗಿನ ಬೊಂಬೆಯಲ್ಲ, ಹೊರಗೆ ಕುಳಿತ ಮನುಷ್ಯ. ಅವನ ಕಣ್ಣು, ಬೆರಳು, ತಾಳ್ಮೆ.

ಇನ್ನೊಂದು ಮಾತು. ಈ ಯುದ್ಧದಲ್ಲಿ ಪ್ರಾಣದ ಅಳತೆಯೊಂದಾದರೆ ನಿಲುವಿನ ಅಳತೆ ಮತ್ತೊಂದು. ವೈರಿಯ ಕತ್ತಿ ತನ್ನ ಮೇಲೆ ಬೀಳುವ ಕ್ಷಣದಲ್ಲಿಯೇ ಎಡದೋರ್ಬೆರಳಿನ ಗುಂಡಿಯನ್ನು ಒತ್ತಿದರೆ ಕಿಡಿ ಹಾರಿ ಪೆಟ್ಟು ಹೊರಳುತ್ತದೆ. ವೈರಿಯ ನಿಲುವು ಒಂದಿಷ್ಟು ಕುಸಿಯುತ್ತದೆ. ಹೀಗೆ ಕುಸಿಯುತ್ತ ಕುಸಿಯುತ್ತ ಪೂರ್ತಿ ಮುರಿದಾಗ ಒಂದೇ ಏಟಿಗೆ ಅವನು ಬೀಳುತ್ತಾನೆ. ಕ್ಷಣ ಮೊದಲೂ ಆಗಬಾರದು, ತಡವೂ ಆಗಬಾರದು. ಭಯಪಟ್ಟು ಹಿಂದೆ ಸರಿದು ನಿಂತರೆ, ತಾನು ಉಸಿರು ತಿರುಗಿಸಿಕೊಳ್ಳುವಷ್ಟರಲ್ಲಿ ವೈರಿಯ ನಿಲುವೂ ಮೊದಲಿನಂತಾಗಿರುತ್ತದೆ. ಅಂಜಿದವನಿಗೆ ಇಲ್ಲಿ ವಿಶ್ರಾಂತಿಯೇ ಸೋಲು.

ಹುಡುಗನು ಸತ್ತಾಗಲೆಲ್ಲ ತೆರೆಯ ಮೇಲೆ ಕೆಂಪಾಗಿ ‘ಸಾವು’ ಎಂಬರ್ಥದ ಜಪಾನೀ ಅಕ್ಷರವೊಂದು ಮೂಡುವುದು. ಸಂಜೆಯ ಶಿವಪೂಜೆ ಮುಗಿಸಿ ಹಣೆಯ ವಿಭೂತಿ ಒಣಗುವ ಮುನ್ನವೇ ಬಂದು ಹಿಂದೆ ಕುಳಿತ ಅಜ್ಜ ಆ ಅಕ್ಷರವನ್ನು ಎಣಿಸತೊಡಗಿದರು. ನಾಲ್ಕು ದಿನ ಏನೂ ಅನ್ನಲಿಲ್ಲ. ಐದನೆಯ ದಿನ ಕೇಳಿದರು:

“ಎಷ್ಟ ಸಲ ಸತ್ತೆಪಾ ಇವತ್ತ?”

“ಹದಿನೇಳ ಸಲ, ಅಜ್ಜಾ.”

“ಹದಿನೇಳೂ ಒಂದಽ ಕಡೆ ಸತ್ತಿಯೋ, ಬ್ಯಾರೆ ಬ್ಯಾರೆ ಕಡೆ ಸತ್ತಿಯೋ?”

ಹುಡುಗನ ಬಳಿ ಉತ್ತರವಿರಲಿಲ್ಲ. ಅವನು ಸಾವುಗಳನ್ನು ಎಣಿಸಿದ್ದನೇ ಹೊರತು ನೋಡಿರಲಿಲ್ಲ. ಪಾಠ ಹೇಳುವ ವೃತ್ತಿಯವರೆಲ್ಲ ಈ ಪ್ರಶ್ನೆಯ ಮುಂದೆ ಒಂದು ಗಳಿಗೆ ನಿಲ್ಲಬಹುದು. ಒಂದು ಕಂದಪದ್ಯವನ್ನು ಹತ್ತು ಸಲ ತಪ್ಪಿ ಓದಿದ ವಿದ್ಯಾರ್ಥಿ, ಹತ್ತು ಸಲವೂ ಅದೇ ಗಣದಲ್ಲಿ ಎಡವಿದನೆ, ಅಥವಾ ಪ್ರತಿ ಸಲವೂ ಬೇರೆ ಗಣದಲ್ಲಿಯೆ? ಮೊದಲನೆಯವನಿಗೆ ಒಂದು ಗಂಟು ಬಿಡಿಸಿದರೆ ಸಾಕು. ಎರಡನೆಯವನಿಗೆ ಲಯವೇ ಹತ್ತಿಲ್ಲ. ಅಂಕಪಟ್ಟಿಯಲ್ಲಿ ಇಬ್ಬರಿಗೂ ಸೊನ್ನೆಯೇ ಕಾಣುತ್ತದೆ.

ಮರುದಿನದಿಂದ ಹುಡುಗನು ನೋಡತೊಡಗಿದನು. ಗೆಲ್ಲುವ ಆಸೆಯನ್ನು ಬದಿಗಿಟ್ಟು ಕೆಲವು ಸರತಿ ಬರಿದೆ ತಡೆಯುತ್ತ ನಿಂತನು. ಆಗ ತಿಳಿಯಿತು, ಸಾವುಗಳ ದೊಡ್ಡ ಪಾಲು ಒಂದೇ ಕಡೆಯದು. ಗೆನಿಚಿರೊ ಮೇಲಕ್ಕೆ ನೆಗೆದು ಕತ್ತಿಯನ್ನು ಬಡಿಯುತ್ತಾನೆ. ಆಮೇಲೆ ಅಪಾಯ ಸೂಚಿಸುವ ಕೆಂಪು ಚಿಹ್ನೆಯೊಂದು ಮಿಂಚುತ್ತದೆ. ಚಿಹ್ನೆ ಒಂದೇ, ಆದರೆ ಹಿಂದೆ ಬರುವ ಪೆಟ್ಟು ಎರಡು ತೆರ. ಒಮ್ಮೆ ನೇರ ತಿವಿತ. ಅದಕ್ಕೆ ಮುಂದಕ್ಕೆ ನುಗ್ಗಿ ಅವನ ಕತ್ತಿಯನ್ನು ಕಾಲಿನಿಂದ ತುಳಿಯಬೇಕು. ಇನ್ನೊಮ್ಮೆ ಕಾಲಮಟ್ಟದ ಬೀಸು. ಅದಕ್ಕೆ ಮೇಲಕ್ಕೆ ಹಾರಬೇಕು. ಹುಡುಗನು ಚಿಹ್ನೆಯನ್ನು ನೋಡಿ ಬೆದರಿ ಹಾರುತ್ತಿದ್ದನು, ತಿವಿತಕ್ಕೆ ಸಿಕ್ಕುತ್ತಿದ್ದನು. ನೋಡಬೇಕಾದದ್ದು ಚಿಹ್ನೆಯನ್ನಲ್ಲ, ವೈರಿಯ ತೋಳನ್ನು. ತೋಳು ಹಿಂದಕ್ಕೆ ಸೆಳೆದರೆ ತಿವಿತ, ಮೈ ತಗ್ಗಿದರೆ ಬೀಸು.

ಅಜ್ಜನಿಗೆ ಇದನ್ನು ಹೇಳಿದಾಗ ಅವರು ಎದ್ದು ಹುಡುಗನನ್ನು ಹಿತ್ತಲಿಗೆ ಕರೆದೊಯ್ದರು. ಮಳೆ ಬಿಟ್ಟಿತ್ತು. ಕಂಬದ ಮೇಲೆ ಅಂಗೈ ಇಟ್ಟು ತಮ್ಮ ಹದಿನೆಂಟರ ಕಥೆ ಹೇಳಿದರು. ಕಂಬದಲ್ಲಿ ‘ಸುಯಿದೋರಾ’ ಎಂಬ ವರಸೆಯಿದೆ. ಸುಯಿ ಎಂದರೆ ಸೂಜಿ, ದೋರಾ ಎಂದರೆ ದಾರ. ಎರಡು ಕೈಗಳಿಂದ ಕಂಬವನ್ನು ಬಳಸಿ ಹಿಡಿದು, ಆ ತೋಳುಗಳ ಕುಣಿಕೆಯೊಳಗಿನಿಂದ ತನ್ನ ಮೈಯನ್ನೇ ದಾರದಂತೆ ಪೋಣಿಸಿ ಹೊರತೆಗೆಯಬೇಕು. ಅವರಿಗೆ ಒಂದು ಚಳಿಗಾಲವಿಡೀ ಅದು ಬರಲಿಲ್ಲ. ಜಾರಿದಾಗಲೆಲ್ಲ ಕೈಯನ್ನು ಇನ್ನಷ್ಟು ಬಿಗಿದರು. ಬಿಗಿದಷ್ಟೂ ಎಣ್ಣೆಗಂಬ ಜಾರಿಸಿತು. ವಸ್ತಾದರು ಬಾಯಲ್ಲಿ ಹೇಳಲಿಲ್ಲ. ಒಂದು ದಿನ ಬಂದು ಅವರ ತೊಡೆಯ ಮೇಲೊಂದು ಏಟು ಕೊಟ್ಟು ಹೋದರು. ಹಿಡಿತ ಇರಬೇಕಾದದ್ದು ತೊಡೆಯಲ್ಲಿ, ಕೈಗಳಿಗೆ ಅಲ್ಲಿ ಕೆಲಸ ಕಡಮೆ ಎಂದು ಮೈಗೆ ತಿಳಿಯಲು ಮತ್ತೂ ಹದಿನೈದು ದಿನ ಬೇಕಾದವು. ತಿಳಿದ ದಿನ ಅವರು ಯಾರಿಗೂ ಹೇಳದೆ ಕತ್ತಲಾಗುವತನಕ ಏರಿ ಇಳಿದರಂತೆ.

“ಕೈ ಅಂಜತೈತಿ ತಮ್ಮಾ. ಮೈಗೆ ಅಂಜಿಕಿ ಇಲ್ಲ” ಎಂದರು.

ಕಷ್ಟವಾದುದನ್ನು ಸಾಧಿಸಿದಾಗಿನ ಸಂತೋಷ ಯಾವ ಧಾತುವಿನದು? ಬಹುಮಾನದ್ದೆನ್ನೋಣವೆಂದರೆ ಆ ಅಜ್ಜನಿಗೆ ಸುಯಿದೋರಾಕ್ಕಾಗಿ ಯಾರೂ ಬಹುಮಾನ ಕೊಡಲಿಲ್ಲ. ಗೆನಿಚಿರೊನನ್ನು ಕೊಂದರೆ ಹುಡುಗನಿಗೆ ಬರುವ ಪದಕವೇನಿಲ್ಲ. ವೈರಿ ಬಿದ್ದ ಹರ್ಷವೆನ್ನೋಣವೆಂದರೆ ಕಂಬಕ್ಕೆ ವೈರವಿಲ್ಲ. ಅವಧಾನಿಗಳನ್ನು ಕಂಡವರಿಗೆ ಇದರ ಸುಳಿವು ಸಿಕ್ಕೀತು. ಪೃಚ್ಛಕರು ಒಡ್ಡಿದ ನಿಷೇಧಾಕ್ಷರ, ಸಮಸ್ಯೆ, ದತ್ತಪದಿಗಳ ನಡುವೆ ಅಪ್ರಸ್ತುತಪ್ರಸಂಗಿಯ ಕಾಟ ಸಹಿಸುತ್ತ ಪದ್ಯ ಕಟ್ಟುವ ಆ ಕಲೆಯಲ್ಲಿ ಶತಾವಧಾನಿ ಡಾ. ಆರ್. ಗಣೇಶರು 2012ರಲ್ಲಿ ಬೆಂಗಳೂರಿನಲ್ಲಿ ಪೂರ್ಣವಾಗಿ ಕನ್ನಡದಲ್ಲಿಯೇ ಶತಾವಧಾನ ನಡೆಸಿದರು. ಅಂಥ ಸಭೆಯಲ್ಲಿ ನಿಷೇಧದ ಅಕ್ಷರ ಹೆಚ್ಚಿದಷ್ಟೂ ಪದ್ಯ ಕುಂಟುವುದೆಂದು ಹೊರಗಿನವರು ಎಣಿಸುತ್ತಾರೆ. ಬಲ್ಲವನಿಗೆ ನಿಷೇಧವೇ ದಾರಿ ತೋರುತ್ತದೆ. ಮುಚ್ಚಿದ ಬಾಗಿಲುಗಳು ತೆರೆದ ಬಾಗಿಲನ್ನು ಹೇಳುತ್ತವೆ. ಮೊದಲು ಆಘಾತವಾಗಿ ಬಂದದ್ದು ಕೊನೆಗೆ ಅಕ್ಷರವಾಗಿ ಓದಿಸಿಕೊಳ್ಳುತ್ತದೆ. ಹಳಗನ್ನಡದ ಪುಟವೊಂದನ್ನು ಮೊದಲ ಸಲ ಕಂಡ ಬಾಲಕನಿಗೆ ಅದು ಬರಿಯ ಗೋಡೆ. ಎರಡು ವರ್ಷದ ತರುವಾಯ ಅದೇ ಪುಟ ಮಾತಾಡುತ್ತದೆ. ಪುಟ ಬದಲಾಗಿಲ್ಲ. ಅದು ಒಂದಿಷ್ಟೂ ಬಾಗದೆ ಇದ್ದಲ್ಲಿಯೇ ಇತ್ತೆಂಬುದರಲ್ಲಿಯೇ ಆ ಸಂತೋಷದ ಸತ್ತ್ವವಿದೆ. ಹುಡುಗನ ಮೇಲೆ ಕರುಣೆಯಿಟ್ಟು ಆಟವು ತಾನಾಗಿ ಒಂದು ಮೆಟ್ಟಿಲು ಇಳಿದಿದ್ದರೆ, ಗೆದ್ದವರು ಯಾರೆಂಬ ಸಂದೇಹ ಅವನ ಮನಸ್ಸಿನಲ್ಲಿ ಉಳಿಯುತ್ತಿತ್ತು. ಇಂದಿನ ಪಠ್ಯಪುಸ್ತಕಗಳನ್ನು ವರ್ಷ ವರ್ಷವೂ ಹಗುರಗೊಳಿಸುವ ಮಹನೀಯರು ಬೇಕಿದ್ದರೆ ಇದನ್ನು ಯೋಚಿಸಬಹುದು.

ಹನ್ನೊಂದನೆಯ ದಿನದ ಸಂಜೆ ಹುಡುಗನು ಗೆನಿಚಿರೊನ ನಿಲುವನ್ನು ಎರಡು ಸಲ ಮುರಿದನು. ಕಾದಾಟ ಅಲ್ಲಿಗೆ ಮುಗಿಯುವುದಿಲ್ಲ. ಬಿದ್ದವನು ಕವಚ ಕಳಚಿ ಬರಿಮೈಯಲ್ಲಿ ಮತ್ತೆ ಏಳುತ್ತಾನೆ. ಈ ಸಲ ಅವನ ಕತ್ತಿಗೆ ಸಿಡಿಲು ಇಳಿಯುತ್ತದೆ. ಸಿಡಿಲೆಂದರೆ ಓಡುವುದು ಸ್ವಭಾವ. ನೆಲದ ಮೇಲೆ ತಡೆದು ನಿಂತವನು ಸುಟ್ಟುಹೋಗುತ್ತಾನೆ. ಸಿಡಿಲು ಬರುವ ಹೊತ್ತಿಗೆ ತಾನೇ ಮೇಲಕ್ಕೆ ನೆಗೆದು, ಗಾಳಿಯಲ್ಲಿರುವಾಗ ಅದನ್ನು ಮೈಮೇಲೆ ತೆಗೆದುಕೊಂಡು, ಪಾದ ನೆಲ ಮುಟ್ಟುವುದರೊಳಗೆ ಕತ್ತಿ ಬೀಸಿದರೆ ಅದೇ ಸಿಡಿಲು ಕಳಿಸಿದವನಿಗೆ ಮರಳುತ್ತದೆ. ಹುಡುಗನು ಇದನ್ನು ಓದಿ ತಿಳಿದಿದ್ದನು, ಮಾಡಿರಲಿಲ್ಲ. ಅಂದು ನೆಗೆದನು. ತೆರೆಯೆಲ್ಲ ಬೆಳ್ಳಗಾಗಿ, ಗೆನಿಚಿರೊ ತನ್ನ ಸಿಡಿಲಿನಿಂದಲೇ ನಡುಗಿ ನಿಂತನು. ಮುಂದಿನ ನಾಲ್ಕಾರು ಪೆಟ್ಟುಗಳಿಗೆ ಎಲ್ಲ ಮುಗಿಯಿತು.

ಹುಡುಗನ ಕೈ ನಡುಗುತ್ತಿತ್ತು, ಅಂಗೈಯೆಲ್ಲ ಬೆವರು. ಕೂಗಿಕೊಂಡನೆಂದು ಕಾಣುತ್ತದೆ, ಅಡಿಗೆಮನೆಯಿಂದ ತಾಯಿ ಓಡಿಬಂದಳು. ಏನೂ ಅನಾಹುತವಿಲ್ಲವೆಂದು ತಿಳಿದು ರೊಟ್ಟಿ ಬಡಿಯಲು ಹಿಂದಿರುಗಿದಳು. ಅಜ್ಜ ಮಾತ್ರ ಕುಳಿತಲ್ಲಿಂದ ಅಲುಗದೆ, “ಛಲೋ ಆತು. ಇನ್ನೊಮ್ಮೆ ಮಾಡಿ ತೋರಸು” ಎಂದರು.

ಹುಡುಗನ ಮುಖ ಪೆಚ್ಚಾಯಿತು. ಆದರೆ ಅಜ್ಜ ಕೇಳಿದ್ದರಲ್ಲಿ ಕ್ರೌರ್ಯವೇನೂ ಇರಲಿಲ್ಲ. ಕಂಬದ ಮಂದಿ ಮೊದಲಿನಿಂದಲೂ ಹಾಗೆಯೇ. ಒಮ್ಮೆ ಬಂದ ವರಸೆಯನ್ನು ಅವರು ಬಂದಿತೆನ್ನುವುದಿಲ್ಲ. ಮೊದಲ ಸಲ ಗಾಳಿಯೂ ಕೈಗೂಡಿರಬಹುದು, ಎಣ್ಣೆ ಒಣಗಿರಬಹುದು. ಈ ಆಟದಲ್ಲಿ ಗೆದ್ದ ವೈರಿಯನ್ನು ಮತ್ತೆ ಎದುರಿಸುವ ಏರ್ಪಾಡು ಮೂಲದಲ್ಲಿ ಇರಲಿಲ್ಲ. 2020ರ ಅಕ್ಟೋಬರದಲ್ಲಿ ಅದನ್ನು ಸೇರಿಸಲಾಯಿತು. ಹುಡುಗನು ಅದನ್ನು ತೆರೆದನು. ಮೊದಲ ಸರತಿ ಸೋತನು. ಎರಡನೆಯ ಸರತಿಯೂ ಸೋತನು, ಸಿಡಿಲಿನ ತನಕ ಹೋಗಿ. ಮೂರನೆಯ ಸರತಿಯಲ್ಲಿ ಒಂದು ವಿಚಿತ್ರ ಕಂಡಿತು. ತೆರೆಯ ಮೇಲೆ ಗೆನಿಚಿರೊನ ವೇಗ ಅಷ್ಟೇ ಇತ್ತು, ಹುಡುಗನ ಅವಸರ ಮಾತ್ರ ಇರಲಿಲ್ಲ. ಕಂಟ್ರೋಲರನ್ನು ಬಿಗಿಹಿಡಿದಿರಲಿಲ್ಲ, ಮಡಿಲಲ್ಲಿ ಸಡಿಲಾಗಿ ಇಟ್ಟುಕೊಂಡಿದ್ದನು. ಕಿಡಿಗಳು ಜಾಗಟೆಯ ಪೆಟ್ಟಿನಂತೆ ಲೆಕ್ಕಕ್ಕೆ ಸರಿಯಾಗಿ ಬೀಳುತ್ತಿದ್ದವು. ಕೆಂಪು ಚಿಹ್ನೆ ಮೂಡಿದಾಗ ಅವನ ಕಣ್ಣು ತೋಳಿನ ಮೇಲಿತ್ತು. ಸಿಡಿಲು ಬಂದಾಗ ನೆಗೆದನು. ವೈರಿ ಬಿದ್ದಾಗ ಕೂಗಲಿಲ್ಲ, ಕೈ ನಡುಗಲಿಲ್ಲ. ಮುಗುಳುನಕ್ಕು ಅಜ್ಜನ ಕಡೆ ತಿರುಗಿದನು.

ಅಜ್ಜ ನೋಡಿದ್ದು ತೆರೆಯನ್ನಲ್ಲ, ಆ ಕೈಗಳನ್ನು. “ಈಗ ಬಂತು” ಎಂದರು.

ಊಟಕ್ಕೆ ಕುಳಿತಾಗ ಗಣಿತದ ಮಾತನ್ನು ತಾಯಿಯೇ ತೆಗೆದಳು. ಪರೀಕ್ಷೆಗೆ ಇನ್ನೂ ಆರು ವಾರವಿತ್ತು. ಹುಡುಗನು ಎಂದಿನಂತೆ ತಟ್ಟೆ ಬಿಟ್ಟು ಏಳಲಿಲ್ಲ. ಹಳೆಯ ಉತ್ತರಪತ್ರಿಕೆಯ ನಕಲು ತರಿಸಿಕೊಳ್ಳಲು ಬರುತ್ತದೆ, ಎಲ್ಲೆಲ್ಲಿ ತಪ್ಪಿದೆನೆಂದು ಒಮ್ಮೆಯೂ ನೋಡಿಲ್ಲ ಎಂದನು. ತಾಯಿಗೆ ಆ ಮಾತಿನ ಹಿನ್ನೆಲೆ ತಿಳಿಯಲಿಲ್ಲ. ಅಷ್ಟಾದರೂ ಅಂದನಲ್ಲಾ ಎಂದು ಇನ್ನೊಂದು ರೊಟ್ಟಿ ಹಾಕಿದಳು. ಅಜ್ಜನಿಗೆ ತಿಳಿದಿರಬೇಕು, ಆದರೆ ಅವರ ಲಕ್ಷ್ಯ ಬೇರೆಡೆಯಿತ್ತು.

“ಮುಂದ ಯಾರ ಅದಾರು?” ಎಂದು ಕೇಳಿದರು.

“ಒಂದ ದೊಡ್ಡ ಮಂಗ್ಯಾ, ಅಜ್ಜಾ. ತಲಿ ಕಡದ್ರೂ ಸಾಯಂಗಿಲ್ಲ. ತಲಿ ಕೈಯಾಗ ಹಿಡಕೊಂಡ ಎದ್ದ ಬರತೈತಿ.”

ಅಜ್ಜ ಬಹಳ ಹೊತ್ತು ನಕ್ಕರು. ಬಾಳಂಭಟ್ಟರ ಕಾಡಿನ ಕಥೆ ಅವರಿಗೆ ನೆನಪಾಗಿತ್ತೆಂದು ತೋರುತ್ತದೆ. “ನಮ್ಮ ವಿದ್ಯಾ ಬಂದದ್ದಽ ಮಂಗ್ಯಾನ ಕಡಿಂದ. ಹೊಡಿಲಿಕ್ಕೆ ಗಡಿಬಿಡಿ ಮಾಡಬ್ಯಾಡ, ಮೊದಲ ಎರಡ ದಿನ ಅದನ್ನ ಸುಮ್ಮನ ನೋಡು” ಎಂದು ಹೇಳಿ ಕೈತೊಳೆಯಲು ಎದ್ದರು.